ನಾಲಿಗೆ ಮರೆತರೂ ನೆತ್ತರು ಮರೆಯದು

ಸಕ್ಕರೆ ಬಾಯಿಗೆ ಹಾಕಿಕೊಂಡು ಉಸುಕು ತಿಂದವರಂತೆ ಮುಖ ಮಾಡಿದ ಚಿಗವ್ವನನ್ನು ನೋಡಿ ನಾನು ಬಿದ್ದು ಬಿದ್ದು ನಕ್ಕಿದ್ದೆ. ಆ ನಗುವಿನ ಲೆಕ್ಕ ಇನ್ನೂ ನನ್ನ ಮನಸ್ಸಿನಲ್ಲಿ ಚುಕ್ತಾ ಆಗಿಲ್ಲ.

2016ರ ಭಾರತ ಹುಣ್ಣಿಮೆಯ ದಿನಗಳು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ನಾನು ಬೈಲಹೊಂಗಲದಿಂದ, ಚಿಗವ್ವ ರಾಮದುರ್ಗದಿಂದ ಹೋಗಿ ಕೂಡಿಕೊಂಡಿದ್ದೆವು. ದರ್ಶನ ಮುಗಿಸಿ, ಹಣೆಗೆ ಭಂಡಾರ ಹಚ್ಚಿಕೊಂಡು ಇಳಿದು ಬರುವಾಗ ದಾರಿಯ ಬದಿಗೆ ಒಬ್ಬ ತಾಡಪತ್ರಿ ಹಾಸಿಕೊಂಡು ಕುಳಿತಿದ್ದ. ಮುಂದೆ ಬೇರು, ತೊಗಟೆ, ಪುಡಿಯ ಪೊಟ್ಟಣ. ಒಂದು ತಾಟಿನಲ್ಲಿ ಹಸಿ ಎಲೆ, ಇನ್ನೊಂದರಲ್ಲಿ ಸಕ್ಕರೆ. ಸುತ್ತ ಹೆಣ್ಣುಮಕ್ಕಳ ಗುಂಪು.

"ಅವ್ವಾರ, ಈ ಎಲಿ ಚೆಂದಾಗಿ ಅಗದು ನುಂಗ್ರಿ. ಆಮ್ಯಾಲೆ ಸಕ್ಕರಿ ತಿನ್ರಿ. ಸಿಹಿ ಹತ್ತಿತು ಅಂದ್ರ ನಾ ಇಲ್ಲಿಂದ ಅಂಗಡಿ ಕಿತ್ತೇನಿ" ಎಂದ.

ಚಿಗವ್ವ ಅಗಿದಳು. ಸಕ್ಕರೆ ಹಾಕಿಕೊಂಡಳು. "ಅಯ್ಯ ಯವ್ವಾ, ಉಸುಕು ತಿಂದಂಗ ಆತಲ್ಲ!" ಎಂದಳು. ಗುಂಪು ನಕ್ಕಿತು. ಅವನು ಕೂಡಲೇ ದನಿ ಏರಿಸಿದ: "ನೋಡ್ರಿ, ಬಾಯಾಗಿನ ಸಕ್ಕರಿ ಸತ್ತುಹೋತು. ಹಿಂಗ ಮೈಯಾಗಿನ ಸಕ್ಕರಿನೂ ಸಾಯತೈತಿ. ಮೂರು ತಿಂಗಳು ಪುಡಿ ತಗೋರಿ, ಗುಳಿಗಿ ಒಗೀರಿ."

ಚಿಗವ್ವ ನನ್ನ ಮುಖ ನೋಡಿದಳು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ಮನೆತನದಲ್ಲಿ ನನ್ನ ಮಾತಿಗೆ ಒಂದು ತೂಕ. "ಖರೆ ಐತೇನ ಮಗಳ?" ಎಂದು ಕೇಳಿದಳು. "ಖರೇನ ಐತಿ ಚಿಗವ್ವ. ಇದು ಮಧುನಾಶಿನಿ. ಪುಸ್ತಕದಾಗೂ ಬರದಾರ" ಎಂದೆ. ಎಲೆಯ ಗುಣ ಖರೆ, ಅವನ ಮಾತು ಸುಳ್ಳು ಎಂಬ ಎರಡನೆಯ ವಾಕ್ಯವನ್ನು ನಾನು ಆಡಲೇ ಇಲ್ಲ. ಬಸ್ಸಿಗೆ ಹೊತ್ತಾಗಿತ್ತು.

ಆ ಎರಡನೆಯ ವಾಕ್ಯವನ್ನು ಈಗ ಆಡುತ್ತಿದ್ದೇನೆ. ತಡವಾಗಿದೆ. ಆದರೆ ನಮ್ಮ ಕಡೆಯ ಜಾತ್ರೆ, ಸಂತೆ, ಉತ್ಸವಗಳಲ್ಲಿ ಆ ತಾಡಪತ್ರಿ ಇನ್ನೂ ಹಾಸಿಕೊಂಡೇ ಇದೆ. ಈಗ ಅದು ಟೀವಿಗೂ ಮೊಬೈಲಿಗೂ ಹತ್ತಿದೆ. ಆದ್ದರಿಂದ ಅಕ್ಕತಂಗಿಯರೇ, ಸ್ವಲ್ಪ ಕುಳಿತು ಕೇಳಿರಿ.

ಮೊದಲು ಎಲೆಗೆ ನ್ಯಾಯ ಮಾಡೋಣ. ಮಧುನಾಶಿನಿ ನಮ್ಮ ದಕ್ಷಿಣದ ಕಾಡುಗಳಲ್ಲಿ, ಪಶ್ಚಿಮ ಘಟ್ಟದ ಮಗ್ಗುಲಲ್ಲಿ ಬೇರೆ ಗಿಡಮರಗಳಿಗೆ ಸುತ್ತಿಕೊಂಡು ಬೆಳೆಯುವ ಬಳ್ಳಿ. ಸಣ್ಣಗೆರಸೆ ಎಂದೂ ಕರೆಯುತ್ತಾರೆ. ಹಿಂದಿಯವರು ಗುಡಮಾರ ಎನ್ನುತ್ತಾರೆ, ಬೆಲ್ಲವನ್ನು ಕೊಲ್ಲುವಂಥದು ಎಂದು ಅರ್ಥ. 1887ರಲ್ಲಿ ಊಟಿಯಲ್ಲಿ ಸರಕಾರಿ ನೌಕರಿಯಲ್ಲಿದ್ದ ಡೇವಿಡ್ ಹೂಪರ್ ಎಂಬ ರಸಾಯನಶಾಸ್ತ್ರಜ್ಞ ಈ ಎಲೆಯನ್ನು ಪರೀಕ್ಷಿಸಿ, ಸಿಹಿಯನ್ನು ಮರೆಸುವ ಅಂಶವನ್ನು ಬೇರ್ಪಡಿಸಿ, ಅದಕ್ಕೆ ಜಿಮ್ನೆಮಿಕ್ ಆಮ್ಲ ಎಂದು ಹೆಸರಿಟ್ಟ. ಅದು ಒಂದೇ ವಸ್ತುವಲ್ಲ, ಒಂದೇ ಕುಲದ ಹಲವು ವಸ್ತುಗಳು ಎಂಬುದು ಮುಂದೆ ಗೊತ್ತಾಯಿತು.

ಅದು ಮಾಡುವ ಕೆಲಸವೇನು? ನಮ್ಮ ನಾಲಿಗೆಯಲ್ಲಿ ಸಿಹಿಯನ್ನು ಗುರುತಿಸಲೆಂದೇ ಅತಿ ಸೂಕ್ಷ್ಮವಾದ ಕೀಲಿಗಳಿವೆ ಎಂದು ತಿಳಿಯಿರಿ. ಸಕ್ಕರೆಯ ಕಣ ಕೀಲಿಕೈ. ಅದು ಕೂತು ತಿರುಗಿದಾಗ ಮಿದುಳಿಗೆ 'ಸಿಹಿ' ಎಂಬ ಸುದ್ದಿ ಹೋಗುತ್ತದೆ. ಮಧುನಾಶಿನಿಯ ಅಂಶ ಈ ಕೀಲಿಯ ಒಳಭಾಗಕ್ಕೆ ಹೋಗಿ ಅಂಟಿಕೊಂಡು ಅದನ್ನು ಜಾಮು ಮಾಡುತ್ತದೆ. ಅದು ಅಂಟಿಕೊಳ್ಳುವ ಜಾಗ ಯಾವುದೆಂದು ಜಪಾನಿನ ವಿಜ್ಞಾನಿಗಳು 2014ರಲ್ಲಿ ತೋರಿಸಿಕೊಟ್ಟರು. ಅರ್ಧ ತಾಸು, ಹೆಚ್ಚೆಂದರೆ ಒಂದು ತಾಸು. ಜೊಲ್ಲಿನೊಂದಿಗೆ ತೊಳೆದುಹೋದ ಮೇಲೆ ನಾಲಿಗೆ ಮೊದಲಿನಂತೆಯೇ. ಅಷ್ಟು ಹೊತ್ತೂ ಉಪ್ಪು ಉಪ್ಪಾಗಿಯೇ ಇರುತ್ತದೆ, ಹುಣಸೆ ಹುಳಿಯಾಗಿಯೇ ಇರುತ್ತದೆ. ಸಿಹಿ ಮಾತ್ರ ಕಾಣೆ.

ಕಾಣೆಯಾದದ್ದು ಸಿಹಿ. ಸಕ್ಕರೆ ಅಲ್ಲ. ಈ ಎರಡರ ನಡುವಿನ ಅಂತರದಲ್ಲಿಯೇ ಆ ಮಾರುವವನ ಅಂಗಡಿ ನಡೆದಿರುವುದು.

ನಂಬಿಕೆ ಬರದಿದ್ದರೆ ಮೂರು ಮಾತು ಕೇಳಿರಿ. ಸ್ಯಾಕರಿನ್ ಎಂಬ ವಸ್ತು ಸಕ್ಕರೆಯೇ ಅಲ್ಲ, ಆದರೂ ಸಿಹಿ. ಎಲೆ ಅಗಿದ ನಾಲಿಗೆಗೆ ಅದೂ ಸಪ್ಪೆಯಾಗುತ್ತದೆ. ಅಲ್ಲಿ ಕೊಲ್ಲಲಿಕ್ಕೆ ಸಕ್ಕರೆಯೇ ಇರಲಿಲ್ಲವಲ್ಲ! ಇನ್ನು ಇಲಿಗಳ ನಾಲಿಗೆಗೆ ಜಿಮ್ನೆಮಿಕ್ ಆಮ್ಲ ಅಷ್ಟಾಗಿ ತಟ್ಟುವುದಿಲ್ಲ, ಏಕೆಂದರೆ ಅವುಗಳ ನಾಲಿಗೆಯ ಕೀಲಿಯ ರಚನೆಯೇ ಬೇರೆ. ಎಲೆ ಸಕ್ಕರೆಯನ್ನು ಕೊಲ್ಲುವಂಥದಾಗಿದ್ದರೆ ಇಲಿಗೂ ಸಕ್ಕರೆ ಸಪ್ಪೆಯಾಗಬೇಕಿತ್ತು. ಮೂರನೆಯದು, ಆಫ್ರಿಕದ ಪಶ್ಚಿಮ ಭಾಗದಲ್ಲಿ ಒಂದು ಪುಟ್ಟ ಕೆಂಪು ಹಣ್ಣಿದೆ. ಅದನ್ನು ತಿಂದ ಮೇಲೆ ನಿಂಬೆಹಣ್ಣು ಸಿಹಿ ಹತ್ತುತ್ತದೆ. ಹಾಗೆಂದು ನಿಂಬೆಯಲ್ಲಿ ಸಕ್ಕರೆ ಹುಟ್ಟಿತೆ? ನಾಲಿಗೆಯನ್ನು ಯಾಮಾರಿಸುವ ಗಿಡಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಅವು ಯಾಮಾರಿಸುವುದು ನಾಲಿಗೆಯನ್ನು.

ರಾಮದುರ್ಗ ತಾಲೂಕಿನ ಸುರೇಬಾನದ ಹತ್ತಿರ ಶಬರಿಕೊಳ್ಳವಿದೆ. ಶಬರಿ ಒಂದೊಂದೇ ಬಾರಿಹಣ್ಣನ್ನು ಕಚ್ಚಿ, ಸಿಹಿ ನೋಡಿ, ರಾಮನಿಗೆ ಕೊಟ್ಟಳೆಂದು ನಮಗೆಲ್ಲ ಅವ್ವ ಹೇಳಿದ ಕಥೆ. ನಾಲಿಗೆಯ ಕೆಲಸ ಅದು, ಹಣ್ಣಿನ ಸಿಹಿ ನೋಡುವುದು. ನೆತ್ತರಿನ ಸಿಹಿಯನ್ನು ನಾಲಿಗೆ ನೋಡಲಾರದು.

ಇನ್ನೊಂದು ಮಾತು. ಜೋಳದ ರೊಟ್ಟಿ ಸಿಹಿಯೇ? ಅನ್ನ ಸಿಹಿಯೇ? ಅಲ್ಲ. ಆದರೆ ಹೊಟ್ಟೆಗೆ ಇಳಿದ ಮೇಲೆ ರೊಟ್ಟಿಯ ಹಿಟ್ಟು, ಅನ್ನದ ಗಂಜಿ ಎರಡೂ ಒಡೆದು ಗ್ಲೂಕೋಸೇ ಆಗುತ್ತವೆ. ಸಕ್ಕರೆ ಬ್ಯಾನಿಯವರ ರಕ್ತದಲ್ಲಿ ಏರುವುದು ಅದೇ. ನಾಲಿಗೆಗೆ ಗೊತ್ತೇ ಆಗದಂತೆ ಒಳಗೆ ಹೋಗುವ ಈ ಸಕ್ಕರೆಯನ್ನು ನಾಲಿಗೆಗೆ ಕಟ್ಟಿದ ತಡೆ ಹೇಗೆ ತಡೆದೀತು? ಬಾಗಿಲಿಗೆ ಕೀಲಿ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ.

ಕೊನೆಗೆ ಅವನ ಜಾಣತನವನ್ನೇ ನೋಡಿರಿ. ನಮ್ಮ ಬಾಯಿಗೆ ಅವನು ಹಾಕಿದ್ದು ಹಸಿ ಎಲೆ. ಮಾರಿದ್ದು ಪುಡಿ. ದೊಡ್ಡ ಅಂಗಡಿಗಳಲ್ಲಿ ಮಾರುವುದು ಕ್ಯಾಪ್ಸೂಲು. ಕ್ಯಾಪ್ಸೂಲು ನಾಲಿಗೆಗೆ ತಾಗದೆ ನೇರ ಗಂಟಲಿಗಿಳಿಯುತ್ತದೆ, ಅದರಿಂದ ಸಕ್ಕರೆ ಸಪ್ಪೆಯೂ ಆಗುವುದಿಲ್ಲ. ಸೀರೆ ಅಂಗಡಿಯಲ್ಲಿ ಇಳಕಲ್ಲ ಸೀರೆ ತೋರಿಸಿ ಬೇರೆ ಸೀರೆ ಕಟ್ಟಿಕೊಟ್ಟರೆ ನಾವು ಸುಮ್ಮನಿರುತ್ತೇವೆಯೆ? ಔಷಧಿಯ ವಿಷಯದಲ್ಲಿ ಏಕೆ ಸುಮ್ಮನಿರುತ್ತೇವೆ?

ಚಿಗವ್ವ ಸುಮ್ಮನೆ ಪುಡಿ ನುಂಗಿದಳು. ಗುಳಿಗೆಗಳನ್ನು ಒಂದು ಡಬ್ಬಿಯಲ್ಲಿ ಹಾಕಿ, ಅಡಿಗೆಮನೆಯ ಮಾಡದಲ್ಲಿ ಉಪ್ಪಿನಕಾಯಿ ಭರಣಿಯ ಹಿಂದೆ ಇಟ್ಟಳು. ಮೊದಲೆರಡು ತಿಂಗಳು "ಮೈ ಹಗುರಾಗೇತಿ" ಎಂದು ಫೋನಿನಲ್ಲಿ ಹೇಳುತ್ತಿದ್ದಳು. ತೂಕ ಇಳಿದಿತ್ತು. ಸಕ್ಕರೆ ಮಿತಿಮೀರಿದಾಗಲೂ ತೂಕ ಇಳಿಯುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಾನು ಕೇಳಲಿಲ್ಲ. ನಾಗರ ಪಂಚಮಿಯ ಹೊತ್ತಿಗೆ ಬಲಗಾಲಿನ ಬೆರಳಸಂದಿಯಲ್ಲಿ ಒಂದು ಹುಣ್ಣು. ನೋವೇ ಇರಲಿಲ್ಲ, ಕಾಲಿನ ನರಗಳು ಅಷ್ಟು ಜಡವಾಗಿದ್ದವು. ಅರಿಸಿನ ಹಚ್ಚಿದಳು. ಬೆಳಗಾವಿಗೆ ಒಯ್ಯುವ ಹೊತ್ತಿಗೆ ಎರಡು ಬೆರಳು ಕಪ್ಪಾಗಿದ್ದವು. ತೆಗೆದರು. ಆಗ ರಕ್ತದಲ್ಲಿ ಸಕ್ಕರೆ 420 ಇತ್ತು.

ದವಾಖಾನೆಯ ಮಂಚದ ಮೇಲೆ ಮಲಗಿ ಚಿಗವ್ವ ನನಗೆ ಒಂದೇ ಮಾತು ಕೇಳಿದಳು. "ನೀನೂ ಖರೆ ಅಂದಿದ್ದೆಲ್ಲ?"

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮಾರುವವನು ಹೊಟ್ಟೆಪಾಡಿಗೆ ಸುಳ್ಳು ಹೇಳಿದ. ನಾನು ಅರ್ಧ ಸತ್ಯ ಹೇಳಿದೆ. ಅವಳು ನಂಬಿದ್ದು ಅವನನ್ನಲ್ಲ, ನನ್ನನ್ನು.

ನೀವು ಕೇಳಬಹುದು, ನಮ್ಮ ಹಿರಿಯರ ಔಷಧಿಯನ್ನು ಹೀಗೆ ಹಳಿಯುವುದು ಸರಿಯೇ ಎಂದು. ನಾನು ಹಳಿಯುತ್ತಿಲ್ಲ. ಈ ರೋಗಕ್ಕೆ ಮಧುಮೇಹ ಎಂದು ಹೆಸರಿಟ್ಟ ನಮ್ಮ ಹಳೆಯ ವೈದ್ಯರು ಪತ್ತೆ ಹಚ್ಚಿದ್ದು ಹೇಗೆ? ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ಕಂಡು. 'ನಾಲಿಗೆಗೆ ಸಿಹಿ ಹತ್ತುತ್ತದೆಯೇ' ಎಂದು ಕೇಳಿ ಅಲ್ಲ. ಮೈಯೊಳಗಿನಿಂದ ಹೊರಬಂದದ್ದನ್ನು ಅವರು ನೋಡಿದರು. ಇಂದಿನ ರಕ್ತಪರೀಕ್ಷೆ ಅದೇ ದಾರಿಯಲ್ಲಿ ಮುಂದೆ ಬಂದದ್ದು. ಹಿರಿಯರ ಹೆಸರು ಹೇಳಿ ಪುಡಿ ಮಾರುವವನು ಹಿರಿಯರ ವಿವೇಕವನ್ನು ಮಾತ್ರ ಮನೆಯಲ್ಲಿ ಬಿಟ್ಟು ಬಂದಿರುತ್ತಾನೆ.

ಗಿಡದಲ್ಲಿ ಔಷಧಿ ಇಲ್ಲವೆಂದೂ ನಾನು ಹೇಳುವುದಿಲ್ಲ. ಸಕ್ಕರೆ ಬ್ಯಾನಿಗೆ ಡಾಕ್ಟರರು ಸಾಮಾನ್ಯವಾಗಿ ಮೊದಲು ಬರೆಯುವ ಮೆಟ್‌ಫಾರ್ಮಿನ್ ಗುಳಿಗೆಯ ಮೂಲವೇ ಯುರೋಪಿನ ಒಂದು ಗಿಡ. ಆ ಗಿಡದಲ್ಲಿದ್ದ ಅಂಶದ ಜಾಡು ಹಿಡಿದು, ಅದರಲ್ಲಿನ ವಿಷದ ಗುಣವನ್ನು ಅರಿತು, ಅದನ್ನು ಹೋಲುವ ಬೇರೆ ವಸ್ತುವನ್ನು ಮಾಡಿ, ಕೊನೆಗೆ 1957ರಲ್ಲಿ ಫ್ರಾನ್ಸಿನ ಡಾಕ್ಟರ್ ಝಾನ್ ಸ್ಟೆರ್ನ್ ರೋಗಿಗಳಿಗೆ ಕೊಟ್ಟು ಫಲವನ್ನು ಪ್ರಕಟಿಸಿದರು. ಎಲೆಯಿಂದ ಗುಳಿಗೆಗೆ ಬರುವ ದಾರಿ ಅಷ್ಟು ಉದ್ದ. ತಾಡಪತ್ರಿಯವನು ಅದನ್ನು ಒಂದು ಚಮಚ ಸಕ್ಕರೆಯಲ್ಲಿ ಮುಗಿಸಿಬಿಡುತ್ತಾನೆ.

ಮಧುನಾಶಿನಿಯ ಮೇಲೂ ಪರೀಕ್ಷೆಗಳು ನಡೆದಿವೆ. 1990ರಲ್ಲಿ ಮದರಾಸಿನ ಸಂಶೋಧಕರು ಇದರ ಸಾರವನ್ನು 22 ಜನ ರೋಗಿಗಳಿಗೆ ದಿನಕ್ಕೆ 400 ಮಿಲಿಗ್ರಾಂನಂತೆ 18ರಿಂದ 20 ತಿಂಗಳು ಕೊಟ್ಟು ನೋಡಿದರು. ರಕ್ತದ ಸಕ್ಕರೆ ಇಳಿಯಿತು, 5 ಜನ ಗುಳಿಗೆ ಬಿಡುವಂತಾಯಿತು ಎಂದು ಬರೆದರು. ಮಾರುವವರು ಈ ಐದು ಜನರನ್ನು ಹಿಡಿದುಕೊಂಡು ಕುಣಿಯುತ್ತಾರೆ. ಆದರೆ ಅಲ್ಲಿ ಸಾರ ಕೊಟ್ಟದ್ದು ಗುಳಿಗೆ ನಿಲ್ಲಿಸಿ ಅಲ್ಲ, ಗುಳಿಗೆಯ ಜೊತೆಗೆ. ತಿಂಗಳುಗಟ್ಟಲೆ ರಕ್ತ ನೋಡುತ್ತ, ಅಳತೆ ಮಾಡಿದ ಸಾರ. ಇಪ್ಪತ್ತೆರಡೇ ಜನ. ಐವರು ಬಿಟ್ಟರೆಂದರೆ ಉಳಿದ ಹದಿನೇಳು ಜನ ಬಿಡಲಿಲ್ಲ ಎಂದೂ ಆಯಿತಲ್ಲ? ಇಷ್ಟರ ಮೇಲೆ ಕೋಟಿಗಟ್ಟಲೆ ಜನರಿಗೆ 'ಗುಳಿಗಿ ಒಗೀರಿ' ಎನ್ನಲು ಬರುವುದಿಲ್ಲ. ಗುಳಿಗೆಯ ಜೊತೆ ಡಾಕ್ಟರರಿಗೆ ಹೇಳದೆ ಇದನ್ನು ತೆಗೆದುಕೊಂಡರೆ ಸಕ್ಕರೆ ತೀರ ಇಳಿದು ಬವಳಿ ಬರುವ ಭಯವೂ ಇದೆ. ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣವೊಂದನ್ನು 2010ರಲ್ಲಿ ವೈದ್ಯರು ವರದಿ ಮಾಡಿದ್ದಾರೆ. ಗಿಡದ್ದೆಂದ ಮಾತ್ರಕ್ಕೆ ನಿರಪಾಯವೆಂದು ತಿಳಿಯಬೇಡಿರಿ. ದತ್ತೂರಿಯೂ ಗಿಡವೇ.

'ಗುಳಿಗೆ ಕಿಡ್ನಿ ಕೆಡಿಸುತ್ತದೆ' ಎಂಬುದು ಇನ್ನೊಂದು ಮಾತು. ಪಂಚಮಿಗೆ ಉಂಡಿ ಕಟ್ಟುವಾಗ, ಹಳದಿ ಕುಂಕುಮಕ್ಕೆ ಹೋದಾಗ ನಮ್ಮ ಬಾಯಿಂದ ಬಾಯಿಗೆ ಹೋಗುವ ಮಾತು. ಕಿಡ್ನಿಯನ್ನು ಕೆಡಿಸುವುದು ವರ್ಷಗಟ್ಟಲೆ ಏರಿದ ಸಕ್ಕರೆ. ಆದ್ದರಿಂದಲೇ ಡಾಕ್ಟರರು ಆಗಾಗ ಕಿಡ್ನಿಯ ಪರೀಕ್ಷೆ ಮಾಡಿಸಿ ಗುಳಿಗೆಯ ಪ್ರಮಾಣ ಬದಲಿಸುತ್ತಾರೆ. ಕಣ್ಣಿನ ಪರದೆ, ಕಾಲಿನ ನರ, ಹೃದಯ ಇವೂ ಅದೇ ಸಕ್ಕರೆಗೆ ಬಲಿ.

2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆ ಬ್ಯಾನಿ ಇದ್ದವರು ಸುಮಾರು 10 ಕೋಟಿ. ಇಷ್ಟು ದೊಡ್ಡ ಸಂತೆ ನೆರೆದಾಗ ಮಾರುವವರು ಬಾರದೆ ಇರುತ್ತಾರೆಯೇ? ಸಕ್ಕರೆ ಬ್ಯಾನಿ ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದನ್ನು ನಿಷೇಧಿಸುವ ಕಾಯಿದೆ 1954ರಲ್ಲಿಯೇ ಬಂದಿದೆ. ಕಾಯಿದೆ ಪುಸ್ತಕದಲ್ಲಿದೆ, ಪುಡಿ ಪೇಟೆಯಲ್ಲಿದೆ. ಗಿಡಮೂಲಿಕೆಗಳನ್ನು ಶಾಸ್ತ್ರೀಯವಾಗಿ ಪರೀಕ್ಷಿಸುವ ರಾಷ್ಟ್ರೀಯ ಪಾರಂಪರಿಕ ವೈದ್ಯಕೀಯ ಸಂಸ್ಥೆ ನಮ್ಮ ಬೆಳಗಾವಿಯಲ್ಲಿಯೇ ಇದೆ. ಗಿಡದ ಮೇಲೆ ಅಷ್ಟು ಭಕ್ತಿಯಿದ್ದವರು ಅಂಥ ಪರೀಕ್ಷೆಯಲ್ಲಿ ಗೆದ್ದು ಬರಲಿ. ನಾನೇ ಮೊದಲು ಕೊಳ್ಳುತ್ತೇನೆ.

ಇಷ್ಟೆಲ್ಲ ಮಾರುವವನ ತಪ್ಪು. ಈಗ ನಮ್ಮ ಮನೆಗಳ ತಪ್ಪಿಗೆ ಬರುತ್ತೇನೆ. ಇದನ್ನು ಹೇಳದೆ ಹೋದರೆ ನಾನು ಮತ್ತೆ ಅರ್ಧ ಸತ್ಯ ಹೇಳಿದಂತಾದೀತು.

ಚಿಗವ್ವ ದಡ್ಡಳಲ್ಲ. ಮಗ್ಗದ ಮನೆಯ ಲೆಕ್ಕವನ್ನೆಲ್ಲ ಬಾಯಲ್ಲಿ ಇಟ್ಟುಕೊಂಡವಳು. ಆಕೆ ಪುಡಿಯನ್ನು ಏಕೆ ಆರಿಸಿಕೊಂಡಳು? ಆಮೇಲೆ ನಾನು ಕೇಳಿದೆ. "ಗುಳಿಗಿ ತೀರಿದ್ರ ಮಗನ್ನ ಕೇಳಬೇಕು. ರಕ್ತ ತೋರಸಾಕ ಖಾಲಿ ಹೊಟ್ಟಿಲೆ ಹೋಗಬೇಕು, ಆ ಹೊತ್ತಿನಾಗ ರೊಟ್ಟಿ ಬಡಿಯಾವ್ರು ಯಾರ? ಪುಡಿಗೆ ನನ್ನ ಹಂತ್ಯಾಕ ಜಾತ್ರಿ ರೊಕ್ಕ ಇತ್ತು, ಯಾರನ್ನೂ ಕೇಳೂದಿರಲಿಲ್ಲ" ಎಂದಳು. ಪುಡಿಯ ಗುಣವನ್ನು ಆಕೆ ಕೊಂಡಿರಲಿಲ್ಲ. ಯಾರ ಮುಂದೆಯೂ ಕೈಚಾಚದ ಒಂದು ಔಷಧಿಯನ್ನು ಕೊಂಡಿದ್ದಳು.

ಗಂಡಸಿನ ಬೀಪಿ ಗುಳಿಗೆ ತೀರಿದರೆ ಮನೆಯಲ್ಲಿ ಗದ್ದಲ. ಹೆಂಗಸಿನ ಗುಳಿಗೆ ತೀರಿದರೆ 'ಬರುವ ವಾರ ತಂದರಾಯಿತು'. ಮೇಲೆ ಒಂದು ಬಿರುದು ಬೇರೆ, 'ಅವಳಿಗೆ ನಾಲಿಗೆ ಚಪಲ, ಅದಕ್ಕೇ ಶುಗರು'. ಹಬ್ಬಕ್ಕೆ ಶೇಂಗಾ ಹೋಳಿಗೆ, ಕರಿಕಡಬು, ಮಾದಲಿ ಎಲ್ಲ ಮಾಡಿ ಬಡಿಸಿ, ಎಲ್ಲರೂ ಎದ್ದ ಮೇಲೆ ಉಳಿದದ್ದನ್ನು ತಿನ್ನುವವಳು ಅವಳು. ಚಪಲದ ಅಪವಾದವೂ ಅವಳಿಗೇ. ರೋಗ ವಂಶದಿಂದ ಬಂದೀತು, ವಯಸ್ಸಿನಿಂದ ಬಂದೀತು, ಮೈತೂಕದಿಂದ ಬಂದೀತು. ದೋಷವನ್ನೆಲ್ಲ ನಾಲಿಗೆಗೆ ಹೊರಿಸಿದರೆ ನಾಲಿಗೆಯನ್ನು ಕಟ್ಟುವ ಎಲೆಯೇ ಮದ್ದಾಗಿ ಕಾಣುವುದು ಸಹಜವಲ್ಲವೆ? ನಮ್ಮನ್ನು ಹಾಗೆ ನಂಬಿಸಿದವನು ಮಾರುವವನೊಬ್ಬನೇ ಅಲ್ಲ.

ನನಗೂ ಈಗ ಅದೇ ಬ್ಯಾನಿ. ಒಂದು ಬೆಳಿಗ್ಗೆ, ಸಂಬಂಧಿಯೊಬ್ಬರು ತಂದುಕೊಟ್ಟ ಮಧುನಾಶಿನಿಯ ಎಲೆ ಅಗಿದು ನೋಡಿದೆ. ಬೆರಳು ಚುಚ್ಚಿ ನೋಡಿದಾಗ ಸಕ್ಕರೆ 128. ಒಂದು ಹೆಂಟೆ ಬೆಲ್ಲ ಬಾಯಿಗಿಟ್ಟೆ. ಮಣ್ಣು ತಿಂದಂತಾಯಿತು. ಒಂದು ತಾಸಿನ ಮೇಲೆ ಮತ್ತೆ ನೋಡಿದೆ, 211. ಒಬ್ಬಳ ಒಂದು ದಿನದ ಪರೀಕ್ಷೆ ವಿಜ್ಞಾನವಲ್ಲ, ಮಕ್ಕಳಿಗೆ ನಾನೇ ಹಾಗೆ ಕಲಿಸಿದ್ದೇನೆ. ನೀವು ಇದನ್ನು ಮಾಡಲೂ ಬೇಡಿರಿ. ಆದರೆ ಆ ಯಂತ್ರದಲ್ಲಿ ಮೂಡಿದ ಅಂಕಿಯನ್ನು ನೋಡುತ್ತ, ಗುಡ್ಡದ ದಾರಿಯಲ್ಲಿ ನಗುತ್ತ ನಿಂತ ನಾನೇ ನನ್ನ ಕಣ್ಣೆದುರು ಬಂದೆ.

ಆದ್ದರಿಂದ ನನ್ನದು ಇಷ್ಟೇ ವಿನಂತಿ. ಪುಡಿಯೋ ಕ್ಯಾಪ್ಸೂಲೋ ಯಾರಾದರೂ ಮಾರಲು ಬಂದರೆ ಮೂರು ಪ್ರಶ್ನೆ ಕೇಳಿರಿ. ನೀವು ಅಳೆದದ್ದು ನಾಲಿಗೆಯನ್ನೋ ರಕ್ತವನ್ನೋ? ಎಷ್ಟು ಜನರಲ್ಲಿ, ಎಷ್ಟು ತಿಂಗಳು? ನನ್ನ ಗುಳಿಗೆ ಬಿಡಬೇಕೋ ಮುಂದುವರಿಸಬೇಕೋ? ಮೂರನೆಯದಕ್ಕೆ 'ಬಿಡಿರಿ' ಎಂದರೆ ಅಲ್ಲಿಂದ ಎದ್ದುಬಿಡಿರಿ. ಮೂವತ್ತು ದಾಟಿದವರ ರಕ್ತವನ್ನು ಸರಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ನೋಡುತ್ತಾರೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಎಂಬ ಪರೀಕ್ಷೆಯಿದೆ. ಅದು 6.5 ಅಥವಾ ಅದಕ್ಕಿಂತ ಮೇಲಿದ್ದರೆ ಸಕ್ಕರೆ ಬ್ಯಾನಿ ಎಂದು ಲೆಕ್ಕ. ಆ ದಿನ ಬೆಳಿಗ್ಗೆ ರೊಟ್ಟಿ ತಡವಾಗಲಿ. ಮನೆಯವರು ಒಂದು ದಿನ ಅವಲಕ್ಕಿ ತಿನ್ನಲಿ.

ಚಿಗವ್ವ ಈಗ ದಿನಕ್ಕೆ ಎರಡು ಸಲ ಇನ್ಸುಲಿನ್ ತಾನೇ ಚುಚ್ಚಿಕೊಳ್ಳುತ್ತಾಳೆ. ಗುಳಿಗೆಯ ಡಬ್ಬಿ ಉಪ್ಪಿನಕಾಯಿ ಭರಣಿಯ ಹಿಂದಿನಿಂದ ಹೊರಬಂದು ದೇವರ ಜಗುಲಿಯ ಪಕ್ಕದಲ್ಲಿದೆ, ಎಲ್ಲರ ಕಣ್ಣಿಗೆ ಬೀಳುವಂತೆ. ತೀರುವ ಮೊದಲೇ ಮಗ ತಂದಿಡುತ್ತಾನೆ. ಹೋದ ಪಂಚಮಿಗೆ ನಾನು ರಾಮದುರ್ಗಕ್ಕೆ ಹೋದಾಗ ಒಂದು ಶೇಂಗಾ ಉಂಡಿ ಮುರಿದು ಅರ್ಧ ನನಗೆ ಕೊಟ್ಟು, ಉಳಿದರ್ಧದ ಅರ್ಧವನ್ನು ತಾನು ಬಾಯಿಗೆ ಹಾಕಿಕೊಂಡಳು. ಬಹಳ ಹೊತ್ತು ಚಪ್ಪರಿಸಿದಳು.

"ಸಿಹಿ ಗೊತ್ತಾಗಬೇಕು ನೋಡ ಮಗಳ" ಎಂದಳು. "ಗೊತ್ತಾದ್ರ ಸಾಕು ಅನಸ್ತೈತಿ."